ಜ್ವರ ಐತೇನ್ರಿ?

ಅವರ ಬಲಗೈಯ ಹೆಬ್ಬೆರಳು ನೀಲಿ, ತೋರುಬೆರಳು ಕೆಂಪು. ಆಗೆಲ್ಲ ಸರಕಾರಿ ಕಚೇರಿಗಳಲ್ಲಿ ಒಂದು ತುದಿ ಕೆಂಪು, ಇನ್ನೊಂದು ತುದಿ ನೀಲಿ ಇರುವ ದಪ್ಪ ಪೆನ್ಸಿಲ್ ಸಿಗುತ್ತಿತ್ತು. ಅದನ್ನು ಎರಡೂ ಕಡೆ ಚೂಪು ಮಾಡಿ, ಜೇಬಿನಲ್ಲಿಟ್ಟರೆ ಮುರಿಯುತ್ತದೆಂದು ಬೆರಳ ನಡುವೆ ಹಿಡಿದುಕೊಂಡೇ ಇಳಕಲ್ಲಿನ ಓಣಿಗಳನ್ನು ಸುತ್ತುತ್ತಿದ್ದರು. ಬೇಸಿಗೆಯ ಬೆವರಿಗೆ ಬಣ್ಣ ಕರಗಿ ಚರ್ಮಕ್ಕೆ ಇಳಿಯುತ್ತಿತ್ತು. ಅದೇ ಬೆರಳುಗಳಿಂದ ಮೀಸೆ ತೀಡಿಕೊಳ್ಳುವ ಚಟ ಬೇರೆ. ನರೆತ ಮೀಸೆಯ ಬಲತುದಿಯಲ್ಲಿ ಸದಾ ಒಂದಿಷ್ಟು ನೀಲಿ. ಅವರ ಮುಖಕ್ಕಿಂತ ಮೊದಲು ನನಗೆ ಆ ಮೀಸೆಯ ತುದಿ ನೆನಪಾಗುತ್ತದೆ.

ಓಣಿಯವರೆಲ್ಲ ಅವರನ್ನು ಮಲೇರಿಯಾ ಮಾಮಾ ಎನ್ನುತ್ತಿದ್ದೆವು. ಅವರು ಆರೋಗ್ಯ ಇಲಾಖೆಯ ನೌಕರರು. ಹದಿನೈದು ದಿನಕ್ಕೊಮ್ಮೆ ಮನೆಮನೆಗೆ ಬಂದು ಜ್ವರ ಕೇಳುವುದು, ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿಕೊಳ್ಳುವುದು, ಬಂದುಹೋದ ಗುರುತಿಗೆ ಬಾಗಿಲ ಪಕ್ಕದ ಗೋಡೆಯ ಮೇಲೆ ನೀಲಿಯಲ್ಲಿ ತಾರೀಖು ಬರೆಯುವುದು, ಇದಿಷ್ಟು ಅವರ ಕೆಲಸ. ಸೈಕಲ್ ಇತ್ತು, ಆದರೆ ಓಣಿಯೊಳಗೆ ಅದನ್ನು ತಳ್ಳಿಕೊಂಡೇ ಬರುತ್ತಿದ್ದರು. ಹಿಂದಿನ ಕ್ಯಾರಿಯರ್ ಮೇಲಿನ ತಗಡಿನ ಡಬ್ಬಿಯಲ್ಲಿ ಗಾಜಿನ ಪಟ್ಟಿಗಳು ಕಿಣಿಕಿಣಿ ಎನ್ನುತ್ತಿದ್ದವು. "ಯಾಕ ಮಾಮಾ, ಹತ್ತಿ ಹೊಡೀಬಾರದೇನ್ರಿ?" ಎಂದು ಕೇಳಿದರೆ, "ಸೈಕಲ್ ಮ್ಯಾಲೆ ಕುಂತ್ರ ಮನಿ ಕಾಣತಾವ ಯವ್ವಾ, ಮಂದಿ ಕಾಣಂಗಿಲ್ಲ" ಎನ್ನುತ್ತಿದ್ದರು. ನಮ್ಮೊಡನೆ ನಮ್ಮಂತೆಯೇ ಕನ್ನಡ. ಉರ್ದು ಮಾತಾಡುತ್ತಿದ್ದುದು ಸೈಕಲ್ಲಿನ ಚೈನು ಬಿಚ್ಚಿದಾಗ, ಅದನ್ನು ಬೈಯಲು ಮಾತ್ರ.

ಕಾಯಿಪಲ್ಲೆ ಮಾರುವವರಂತೆ ಓಣಿಯ ತುದಿಯಿಂದಲೇ ಕೂಗು ಎಳೆಯುತ್ತಿದ್ದರು: "ಜ್ವರ ಐತೇನ್ರೀ...?" ಮಗ್ಗದ ಸದ್ದಿನ ನಡುವೆಯೂ ಅದು ಕೇಳಿಸುತ್ತಿತ್ತು. "ಇಲ್ರೀ..." ಎಂದು ಒಳಗಿನಿಂದಲೇ ಉತ್ತರ ಹೋಗುತ್ತಿತ್ತು. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಮಾತ್ರ ಜ್ವರವಿಲ್ಲದಿದ್ದರೂ "ಇಲ್ಲ" ಎಂದು ಹೇಳುತ್ತಿರಲಿಲ್ಲ. ಅದು ಯಾಕೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮ ಅವ್ವನಿಗೆ ಮನಸ್ಸಿನ ರೋಗ ಬಂತು. ಕೊನೆಯ ಕೂಸು ಹುಟ್ಟಿ ಹನ್ನೊಂದನೆಯ ದಿನಕ್ಕೆ ಹೋಯಿತು. ಆಮೇಲೆ ಅವ್ವ ಮಲಗಲಿಲ್ಲ. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಕುಣಿಯೊಳಗಿಂದ ಕೂಸು ಕರೆಯುತ್ತದೆ ಎನ್ನುತ್ತಿದ್ದಳು. ಎರಡು ಸಲ ಹುನಗುಂದದ ರಸ್ತೆಯಲ್ಲಿ ಬರಿಗಾಲಲ್ಲಿ ನಡೆದುಹೋಗುತ್ತಿದ್ದವಳನ್ನು ಲಾರಿಯವರು ಕರೆತಂದು ಬಿಟ್ಟರು. ಅಪ್ಪ ಕೊನೆಗೆ ಧಾರವಾಡಕ್ಕೆ ಕರೆದುಕೊಂಡು ಹೋದರು. ಎರಡು ತಿಂಗಳು ಅಲ್ಲಿನ ಮನೋರೋಗದ ದವಾಖಾನೆಯಲ್ಲಿದ್ದು ಅವ್ವ ಗುಣವಾಗಿ ಬಂದಳು. ರೊಟ್ಟಿ ಬಡಿದಳು, ನನ್ನ ತಲೆ ಬಾಚಿದಳು. ಆದರೆ ನಮ್ಮ ಕಡೆ "ಧಾರವಾಡಕ್ಕ ಹೋಗಿ ಬಂದಾಳ" ಎಂದರೆ ಓದಲು ಹೋಗಿ ಬಂದಿದ್ದಾಳೆಂದು ಯಾರೂ ತಿಳಿಯುವುದಿಲ್ಲ. ಅಪ್ಪ ಓಣಿಯಲ್ಲಿ "ತವರಮನ್ಯಾಗ ಇದ್ಲು" ಎಂದರು. ಓಣಿಯವರು ನಂಬಿದಂತೆ ಮಾಡಿದರು.

ದವಾಖಾನೆಯವರು ದಿನವೂ ಗುಳಿಗೆ ತಪ್ಪಿಸಬಾರದು, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದು ಹೇಳಿ ಕಳಿಸಿದ್ದರು. ಇಳಕಲ್ಲಿನಿಂದ ಧಾರವಾಡಕ್ಕೆ ಹೋಗಿ ಬರುವುದೆಂದರೆ ಎರಡು ದಿನ ಮಗ್ಗ ನಿಲ್ಲುತ್ತಿತ್ತು. ಎರಡನೆಯ ತಿಂಗಳಿಗೇ ಅಪ್ಪ "ಮುಂದಿನ ವಾರ ಹೋದ್ರಾತು" ಎನ್ನತೊಡಗಿದರು. ಆಸ್ಪತ್ರೆಯಿಂದ ಮನೆಗೆ ಬಂದವರು ಮತ್ತೆ ಆಸ್ಪತ್ರೆಗೆ ಹೋಗುವುದು ಇಂಥ ಒಂದು "ಮುಂದಿನ ವಾರ"ದಿಂದ ಎಂದು ನನಗೆ ಆಗ ಗೊತ್ತಿರಲಿಲ್ಲ. ಮಾಮಾನಿಗೆ ಗೊತ್ತಿತ್ತು.

ಅವರು ಒಂದು ದಿನ ಕುಡಿಯಲು ನೀರು ಕೇಳಿ ಪಡಸಾಲೆಯಲ್ಲಿ ಕೂತರು. ಬಾಗಿಲ ಮರೆಯಲ್ಲಿ ಕುಳಿತಿದ್ದ ಅವ್ವನನ್ನು ನೋಡಿದರು. ಗೋಡೆಯ ಗೂಡಿನಲ್ಲಿದ್ದ ಗುಳಿಗೆ ಡಬ್ಬಿಯನ್ನೂ ಅದರ ಕೆಳಗಿನ ಚೀಟಿಯನ್ನೂ ನೋಡಿದರು. ನೀರು ಕುಡಿದು ತಂಬಿಗೆ ಕೆಳಗಿಟ್ಟು, ಮಗ್ಗದಲ್ಲಿದ್ದ ಅಪ್ಪನ ಹತ್ತಿರ ಹೋಗಿ ಮೆಲ್ಲಗೆ ಅಂದರು:

"ಡಬ್ಬಿ ತುಂಬ ಐತಲ್ರಿ. ಇಷ್ಟೊತ್ತಿಗೆ ಅರ್ಧಾ ಆಗಬೇಕಿತ್ತು."

ಅಪ್ಪ ಲಾಳಿ ಹಿಡಿದ ಕೈ ನಿಲ್ಲಿಸಿದರು. "ಆರಾಮ ಅದಾಳ್ರಿ ಸಾಹೇಬ್ರ. ಆರಾಮ ಇದ್ದಾಕಿಗೆ ಯಾಕ ಗುಳಿಗಿ?"

"ಗುಳಿಗಿ ನುಂಗಿದ್ದಕ್ಕ ಆರಾಮ ಅದಾರ್ರಿ."

"ನಿಮ್ಮ ಆಫೀಸಿನ್ಯಾಗ ಬರಕೊಂತೀರೇನ್ರಿ ಇದನ್ನ?" ಅಪ್ಪನಿಗೆ ಅದೇ ಹೆದರಿಕೆ.

"ನಂದು ಮಲೇರಿಯಾ ಡ್ಯೂಟಿ. ಇದು ನನ್ನ ಡ್ಯೂಟಿ ಅಲ್ಲ" ಅಂದರು ಮಾಮಾ. ಬಾಗಿಲ ಕಡೆ ತಿರುಗಿ, "ಆದ್ರ ಓಣಿ ನಂದು" ಅಂದರು.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಅವ್ವನಿಗೆ "ಜ್ವರ" ಬರತೊಡಗಿತು. ಮಾಮಾ ಬರುವರು, "ಜ್ವರ ಐತೇನ್ರಿ ಅಕ್ಕಾ?" ಎನ್ನುವರು, ಅವ್ವ ಬೆರಳು ಚಾಚುವಳು. ರಕ್ತ ತೆಗೆದುಕೊಳ್ಳುವ ಆ ನಾಲ್ಕು ನಿಮಿಷದಲ್ಲಿ ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಯಾರಾದರೂ ಕರೆದಂತಾಗುತ್ತದೆಯೇ ಎಂದು ಕೇಳಿ, ಡಬ್ಬಿಯಲ್ಲಿನ ಗುಳಿಗೆ ನೋಡಿ, ಗೋಡೆಯ ಮೇಲೆ ನೀಲಿ ತಾರೀಖು ಬರೆದು, ಗುಳಿಗೆ ಸರಿಯಾಗಿ ನುಂಗಿದ್ದರೆ ಅದರ ಕೆಳಗೊಂದು ಕೆಂಪು ಚುಕ್ಕಿ ಇಡುತ್ತಿದ್ದರು. ಧಾರವಾಡದ ಡಾಕ್ಟರರಿಗೆ ತಾವೇ ಪತ್ರ ಬರೆದು ಎರಡೆರಡು ತಿಂಗಳಿನ ಗುಳಿಗೆ ಒಟ್ಟಿಗೆ ಸಿಗುವಂತೆ ಮಾಡಿದರು.

ಒಬ್ಬಳದೇ ರಕ್ತ ತೆಗೆದರೆ ಓಣಿಗೆ ಸಂಶಯ ಬರುತ್ತದಲ್ಲ? ಅದಕ್ಕೆ ಅಕ್ಕಪಕ್ಕದ ಮನೆಯವರ ಬೆರಳೂ ಬಿಡುತ್ತಿರಲಿಲ್ಲ. ಎದುರುಮನೆಯ ಮುದುಕ, ದಿನಕ್ಕೆ ಹತ್ತು ಸಲ ಚಹಾ ಕುಡಿಯುವವನು, ಒಮ್ಮೆ ಬೆರಳು ಹಿಂದಕ್ಕೆಳೆದುಕೊಂಡ.

"ಏನೋ ಸಾಹೇಬ, ನಮ್ಮ ರಕ್ತಾ ಒಯ್ದು ಎಲ್ಲಿ ಮಾರ್ತೀಯೋ?"

"ನಿನ್ನ ರಕ್ತಕ್ಕ ಗಿರಾಕಿ ಇಲ್ಲೋ ಯಣ್ಣಾ. ಅದರಾಗ ಬರೇ ಚಾ ಐತಿ."

ಕೆಂಪು ಚುಕ್ಕಿಯದೂ ಒಂದು ಫಜೀತಿ. ಪಕ್ಕದ ಮನೆಯಾಕೆ ಅದೇನು ಗುರುತು ಎಂದು ಕೇಳಿದಳು. "ನೀರಿನ ಹಂಡೆ ಸ್ವಚ್ಛ ಇಟ್ಟಾರ ಅಂತ" ಎಂದುಬಿಟ್ಟರು ಮಾಮಾ. ಮರುದಿನ ಓಣಿಯ ಹೆಂಗಸರೆಲ್ಲ ಹಂಡೆ ತಿಕ್ಕಿ ಹೊರಗೆ ಬೋರಲು ಹಾಕಿ, "ನಮಗೂ ಹಾಕ್ರಿ ಚುಕ್ಕಿ" ಎಂದು ನಿಂತರು. ಹಾಕದೆ ಗತಿಯಿರಲಿಲ್ಲ. ಅವರೆಲ್ಲರ ಚುಕ್ಕಿ ತಾರೀಖಿನ ಮುಂದೆ, ನಮ್ಮದು ಮಾತ್ರ ತಾರೀಖಿನ ಕೆಳಗೆ.

ಇಷ್ಟಕ್ಕೇ ಮುಗಿಯಲಿಲ್ಲ. ನಮ್ಮ ಓಣಿಯಿಂದ ಇಷ್ಟೊಂದು ಗಾಜಿನ ಪಟ್ಟಿ ಬರುವುದನ್ನು ಮೇಲಿನವರು ನೋಡಿದರು. ಇಲ್ಲಿ ಜ್ವರ ಬಹಳ ಇರಬೇಕೆಂದು ತಿಳಿದು ಒಂದು ದಿನ ಬೆಳಿಗ್ಗೆ ಔಷಧಿ ಹೊಡೆಯುವ ಗುಂಪನ್ನೇ ಕಳಿಸಿಬಿಟ್ಟರು. ಪಂಪು ಹೊತ್ತ ನಾಲ್ವರು ಮನೆಮನೆಗೆ ನುಗ್ಗಿದರೆ ನೇಕಾರರ ಪಾಡೇನು? "ರೇಷ್ಮಿ ಮ್ಯಾಲೆ ಹೊಡೀಬ್ಯಾಡ್ರೋ!" ಎಂದು ಬೊಬ್ಬೆ. ಹಾಸಿಗೆ, ಕೌದಿ, ಧೋತರ, ಕೈಗೆ ಸಿಕ್ಕಿದ್ದನ್ನೆಲ್ಲ ಮಗ್ಗಗಳ ಮೇಲೆ ಹೊದಿಸಿ ಓಣಿಯವರೆಲ್ಲ ಹೊರಗೆ ನಿಂತು ಕೆಮ್ಮಿದೆವು. ಮಾಮಾ ಸೈಕಲ್ ಹಿಡಿದುಕೊಂಡು ಮೂಲೆಯಲ್ಲಿ ನೆಲ ನೋಡುತ್ತ ನಿಂತಿದ್ದರು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕೆಮ್ಮು ತಡೆಯುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು. ಆಸ್ಪತ್ರೆಯಿಂದ ಬಂದಮೇಲೆ ಅವ್ವ ನಕ್ಕದ್ದನ್ನು ನಾನು ನೋಡಿದ್ದು ಅಂದೇ ಮೊದಲು.

ಒಂದು ವಿಷಯ ಮಾತ್ರ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಗುಳಿಗೆಯಿಂದ ಅವ್ವನ ಕೈ ನಡುಗುತ್ತಿತ್ತು. ಇಳಕಲ್ ಸೀರೆಯಲ್ಲಿ ಒಡಲಿನ ಉದ್ದೆಳೆಗಳ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಕುಣಿಕೆಯೊಳಗೆ ಕುಣಿಕೆ ಹಾಕಿ ಒಂದೊಂದಾಗಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಅವ್ವನಷ್ಟು ಚುರುಕಾಗಿ ಕೊಂಡಿ ಹಾಕುವವರು ಇರಲಿಲ್ಲ, ಬೇರೆ ಮನೆಯವರೂ ಕರೆದೊಯ್ಯುತ್ತಿದ್ದರು. ಈಗ ಎಳೆ ಹಿಡಿದರೆ ಜಾರುತ್ತಿತ್ತು. ಎಲ್ಲರೂ ಕರೆಯುವುದನ್ನು ಬಿಟ್ಟರು. ಅವ್ವ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಕೂಡುತ್ತಿದ್ದಳು. ಅಪ್ಪ ಡಾಕ್ಟರರ ಮುಂದೆ ಇದನ್ನು ಹೇಳಿರಲಿಲ್ಲ. ಬದುಕಿಸಿ ಕೊಟ್ಟವರ ಮುಂದೆ ಕೈ ನಡುಗುತ್ತದೆ ಎಂದು ದೂರುವುದು ಅವರಿಗೆ ಸರಿ ಕಂಡಿರಲಿಲ್ಲ.

ನಾನು ಹತ್ತನೆಯದು ಪಾಸಾದಾಗ ಅಪ್ಪ, "ಸಾಕಿನ್ನ. ನಿಮ್ಮವ್ವನ ಕಾಯಾಕ ಮನ್ಯಾಗ ಒಬ್ರು ಬೇಕು" ಅಂದರು. ನನ್ನ ಅಕ್ಕ ಮಗ್ಗಕ್ಕೆ ಬೇಕು, ಆದ್ದರಿಂದ ಕಾಯುವವಳು ನಾನು. ಆ ವಾರ ಮಾಮಾ ಬಂದಾಗ ನಾನು ಗೋಡೆಗೆ ಮುಖ ಮಾಡಿ ಕೂತಿದ್ದೆ. ವಿಷಯ ತಿಳಿದು ಅವರು ಅಪ್ಪನಿಗೆ ಅಂದ ಮಾತು ಇದು: "ಈಕಿ ಅವ್ವಾರನ್ನ ಗುಳಿಗಿ ಕಾಯ್ತಾವ್ರಿ. ನೀವು ಗುಳಿಗಿ ಕಾಯ್ರಿ ಸಾಕು. ಹುಡುಗಿ ಕಾಲೇಜಿಗೆ ಹೋಗ್ಲಿ." ಅಪ್ಪ ಒಪ್ಪಿದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಎಲ್ಲಿ ಹೇಳಿದರೂ ನಾನು ಇದನ್ನು ತಲೆಯೆತ್ತಿಯೇ ಹೇಳುತ್ತೇನೆ.

ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ ಅಕ್ಕನನ್ನು ನೋಡಲು ಗುಳೇದಗುಡ್ಡದ ಕಡೆಯಿಂದ ಒಂದು ಮನೆತನ ಬರುವುದಿತ್ತು. ಕುಳಗೇರಿ ಕ್ರಾಸಿನಲ್ಲಿದ್ದ ನಮ್ಮ ಸೋದರತ್ತೆ ಕೂಡಿಸಿದ ಸಂಬಂಧ. ಅತ್ತೆ ಎರಡು ವಾರ ಮೊದಲೇ ಬಂದು ಅಪ್ಪನ ಕಿವಿಯಲ್ಲಿ ಹೇಳಿದಳು: "ಬೀಗರು ಬಂದಾಗ ಇಕಿ ಕೈ ನಡುಗಿಸ್ಕೋತ ಚಾ ತಂದ್ಲು ಅಂದ್ರ ಮುಗೀತು. ನಿಶ್ಚೆ ಆಗೋತನಕ ನಮ್ಮನಿಯಾಗ ಇರ್ಲಿ. ಮಹಾಕೂಟದ ಹೊಂಡದಾಗ ಐದು ಸೋಮವಾರ ಜಳಕ ಮಾಡಸ್ತೀನಿ. ಆ ಗುಳಿಗಿ ಬಿಡಸು, ಅದರಿಂದನ ಆಕಿ ಕೈಯಾಗಿನ ಕಸುವು ಹೋಗೇತಿ." ಅತ್ತೆ ಕೆಟ್ಟವಳಲ್ಲ. ಅವ್ವನ ಕೈ ಮೊದಲಿನಂತೆ ಆಗಲಿ ಎಂದು ಅವಳಿಗೂ ಇತ್ತು. ಅವ್ವನಿಗೆ ಎಲ್ಲರಿಗಿಂತ ಹೆಚ್ಚು ಇತ್ತು. ಅವಳೇ ಡಬ್ಬಿಯನ್ನು ಒಯ್ದು ಮಗ್ಗದ ಕುಣಿಯ ಮೂಲೆಯಲ್ಲಿ ಇಟ್ಟು, ಒಂದು ಚೀಲ ಹಿಡಿದು ಅತ್ತೆಯ ಹಿಂದೆ ಬಸ್ಸು ಹತ್ತಿದಳು. ಅಪ್ಪ ಗೋಡೆಗಳಿಗೆಲ್ಲ ಸುಣ್ಣ ಬಳಿದರು. ಮೂರು ವರ್ಷದ ತಾರೀಖುಗಳು ಬಿಳಿ ಆದವು.

ನಾನು ಆಗ ಚಿಕ್ಕವಳೇನೂ ಅಲ್ಲ. ಗೊತ್ತಿದ್ದೂ ಸುಮ್ಮನಿದ್ದೆ. ಅಕ್ಕನ ಮದುವೆ ಆಗಲಿ ಎಂದು ನನಗೂ ಇತ್ತು.

ನೋಡಲು ಬರುವವರು ಬರುವ ಹಿಂದಿನ ದಿನ ಬೆಳಿಗ್ಗೆ ಮಾಮಾ ಬಂದರು. "ಜ್ವರ ಐತೇನ್ರೀ..." ಎಂದು ಕೂಗಿ, ಪೆನ್ಸಿಲ್ ಎತ್ತಿ ಗೋಡೆಯ ಮುಂದೆ ನಿಂತರು. ಹಿಂದಿನ ತಾರೀಖು ಹುಡುಕುತ್ತ ಅವರ ಕೈ ಗೋಡೆಯ ಮೇಲೆ ಹಾಗೇ ತಡೆಯಿತು.

"ನಿಮ್ಮವ್ವ ಎಲ್ಲಿ?"

"ಊರಿಗೆ ಹೋಗ್ಯಾಳ್ರಿ."

"ಡಬ್ಬಿ?"

ನನ್ನ ಕಣ್ಣು ಮಗ್ಗದ ಕುಣಿಯ ಕಡೆ ಹೋಯಿತು. ಅವರು ನೋಡಿದರು. ತಾವೇ ಹೋಗಿ ಬಗ್ಗಿ ಡಬ್ಬಿ ತೆಗೆದು, ಮುಚ್ಚಳ ತೆರೆದು ಗುಳಿಗೆ ಎಣಿಸಿ, "ಹನ್ನೆರಡು ದಿನ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಹೆಣ್ಣು ನೋಡೋರು ನಾಳೆ ಬರ್ತಾರ್ರಿ ಸಾಹೇಬ್ರ, ನಾ ಹೆಂಗ ಮನಿ ಬಿಟ್ಟು ಬರ್ಲಿ?" ಎಂದು ಅಪ್ಪ ಕೂತಲ್ಲಿಂದ ಏಳಲಿಲ್ಲ.

"ನೀವು ಇರ್ರಿ. ಈಕಿ ಬರ್ತಾಳ" ಎಂದು ನನ್ನನ್ನು ತೋರಿಸಿದರು. ಸೈಕಲನ್ನು ನಮ್ಮ ಪಡಸಾಲೆಗೆ ಒರಗಿಸಿ, ಗಾಜಿನ ಪಟ್ಟಿಯ ಡಬ್ಬಿಯನ್ನು ಬಗಲಿಗೆ ಹಾಕಿಕೊಂಡರು. ಹುನಗುಂದ, ಅಮೀನಗಡ, ಬಾದಾಮಿ. ಅಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ಅವರು ನನ್ನ ಪರೀಕ್ಷೆಯ ಮಾತು ಬಿಟ್ಟು ಬೇರೆ ಮಾತು ಆಡಲಿಲ್ಲ. ಗುಳಿಗೆ ಡಬ್ಬಿಯನ್ನು ನನ್ನ ಕೈಯಲ್ಲೇ ಕೊಟ್ಟಿದ್ದರು.

ಅವ್ವ ಅತ್ತೆಯ ಮನೆಯಲ್ಲಿ ಇರಲಿಲ್ಲ. ಮೂರು ದಿನದಿಂದ ಮಲಗಿಲ್ಲ, ಉಂಡಿಲ್ಲ, ಮುಂಜಾನೆಯಿಂದ ಕ್ರಾಸಿನಲ್ಲೇ ಕೂತಿದ್ದಾಳೆ, ಕೈ ಹಿಡಿದರೆ ಕಚ್ಚಲು ಬರುತ್ತಾಳೆ ಎಂದು ಅತ್ತೆ ಅಳುತ್ತ ನಮ್ಮ ಜೊತೆ ಬಂದಳು. ಬಸ್ಸುಗಳು ನಿಲ್ಲುವಲ್ಲಿ, ಚಹಾದಂಗಡಿಯ ಗೋಡೆಗೆ ಒರಗಿ ಅವ್ವ ಕುಳಿತಿದ್ದಳು. ತಲೆಗೂದಲು ಬಿಚ್ಚಿತ್ತು. ಸುತ್ತ ಒಂದಷ್ಟು ಮಂದಿ ನಿಂತು ನೋಡುತ್ತಿದ್ದರು. ತನ್ನ ಸೀರೆಯ ಸೆರಗಿನ ಅಂಚನ್ನು ಬಿಚ್ಚಿ ಎಳೆ ತೆಗೆದು, ಅಂಗಡಿಯ ಹರಿದ ಗೋಣಿಚೀಲದ ಎಳೆಗಳಿಗೆ ಕೊಂಡಿ ಹಾಕುತ್ತಿದ್ದಳು. ಕುಣಿಕೆಯೊಳಗೆ ಕುಣಿಕೆ, ಒಂದರ ಪಕ್ಕ ಒಂದು. ನಮ್ಮನ್ನು ಕಂಡು ಎರಡೂ ಕೈ ಮುಂದೆ ಚಾಚಿದಳು.

"ನೋಡ್ರಿ ಇಲ್ಲಿ. ನಡಗವಲ್ವು. ಒಟ್ಟ ನಡಗವಲ್ವು."

ಖರೆ. ಕೈ ನಡುಗುತ್ತಿರಲಿಲ್ಲ. ಮೂರು ವರ್ಷದಲ್ಲಿ ನಾನು ಅವಳ ಕೈಯನ್ನು ಅಷ್ಟು ಸ್ಥಿರವಾಗಿ ನೋಡಿರಲಿಲ್ಲ. ಕಣ್ಣು ಮಾತ್ರ ನಮ್ಮ ಯಾರ ಮೇಲೂ ನಿಲ್ಲುತ್ತಿರಲಿಲ್ಲ.

ನಾನು ಡಬ್ಬಿ ತೆರೆಯಲು ಹೋದೆ. ಮಾಮಾ ಕಣ್ಣಿನಲ್ಲೇ ಬೇಡ ಎಂದರು. ಪ್ಯಾಂಟಿಗೆ ಧೂಳು ಹತ್ತುವುದನ್ನು ನೋಡದೆ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು. ಬಗಲಿನ ಡಬ್ಬಿ ಬಿಚ್ಚಿ ಒಂದು ಗಾಜಿನ ಪಟ್ಟಿ ತೆಗೆದು ಅಂಗಿಯ ತುದಿಗೆ ಒರೆಸಿದರು. ನಮ್ಮ ಓಣಿಯ ತುದಿಯಲ್ಲಿ ನಿಂತಿದ್ದಾರೇನೋ ಎಂಬಂತೆ ಕೇಳಿದರು:

"ಜ್ವರ ಐತೇನ್ರಿ ಅಕ್ಕಾ?"

ಅವ್ವ ಗೋಣಿಯ ಎಳೆ ಬಿಟ್ಟಳು. ಎಡಗೈಯ ಬೆರಳು ತಾನಾಗಿ ಮುಂದೆ ಬಂತು. ಮಾಮಾ ಸೂಜಿ ಚುಚ್ಚಿ ಹನಿಯನ್ನು ಗಾಜಿಗೆ ಸವರಿ, ಹತ್ತಿ ಒತ್ತಿ ಹಿಡಿದರು. ಅವ್ವ ಆ ಹತ್ತಿಯನ್ನೇ ನೋಡುತ್ತಿದ್ದವಳು ಸ್ವಲ್ಪ ಹೊತ್ತಿನ ಮೇಲೆ ಅವರ ಮುಖ ನೋಡಿದಳು.

"ಎಷ್ಟು ತಡಾ ಮಾಡಿ ಬಂದ್ರಿ ಸಾಹೇಬ್ರ."

"ಹೌದ್ರಿ. ಗ್ವಾಡಿ ಮ್ಯಾಲಿನ ತಾರೀಖು ಸಿಗಲಿಲ್ಲ ನನಗ, ಅದಕ್ಕ ತಡಾ ಆತು. ಚಾ ಕುಡಿಯೋಣು ಬರ್ರಿ."

ಚಹಾದ ಜೊತೆ ಗುಳಿಗೆ ಕೊಟ್ಟರು, ನುಂಗಿದಳು. ಅತ್ತೆ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ, "ನಾ ಛಲೋ ಆಗ್ಲಿ ಅಂತ ಮಾಡಿದ್ನಿರಿ. ಮಹಾಕೂಟಕ್ಕ..." ಎಂದಳು. ಮಾಮಾ ಹೇಳಿದರು: "ಜಳಕಾನೂ ಮಾಡಸವ್ವಾ, ಗುಳಿಗೀನೂ ನುಂಗಸು. ದೇವ್ರೇನು ಸಿಟ್ಟಿಗೇಳಂಗಿಲ್ಲ."

ಒಂದು ಗುಳಿಗೆಗೆ ರೋಗ ಹೋಗುವುದಿಲ್ಲ. ಅಂದೇ ಕ್ರಾಸಿನಿಂದ ಮೂವರೂ ಧಾರವಾಡಕ್ಕೆ ಹೋದೆವು. ಅವ್ವನನ್ನು ಮತ್ತೆ ಅಲ್ಲೇ ಇಟ್ಟುಕೊಳ್ಳುತ್ತಾರೆ, ಈ ಸಲ ಬಿಡುವುದಿಲ್ಲ ಎಂದು ನಾನು ದಾರಿಯುದ್ದಕ್ಕೂ ಅಳುತ್ತಿದ್ದೆ. ಗುಳಿಗೆಯಿಂದ ಕೈ ನಡುಗುವುದನ್ನು ಆಗಲೇ ಮಾಮಾನಿಗೆ ಹೇಳಿದೆ. ಡಾಕ್ಟರರ ಮುಂದೆ ಮಾಮಾ ಮೊದಲು ಹೇಳಿದ್ದು ರೋಗದ ಮಾತಲ್ಲ. "ಇವರು ಕೊಂಡಿ ಹಾಕೋರು ಸರ್. ಗುಳಿಗಿಯಿಂದ ಕೈ ನಡಗತಾವ. ಕೈ ನಡುಗಿದ್ರ ಇವರಿಗೆ ಗುಳಿಗಿನೂ ಬ್ಯಾಡ, ಜೀವನೂ ಬ್ಯಾಡ." ಡಾಕ್ಟರರು ಅವ್ವನ ಕೈ ಹಿಡಿದು ನೋಡಿ, ಇದನ್ನು ಮೂರು ವರ್ಷ ಯಾಕೆ ಹೇಳಲಿಲ್ಲ ಎಂದು ನನ್ನ ಕಡೆ ತಿರುಗಿದರು. ದೊಡ್ಡ ಗುಳಿಗೆಯ ಪ್ರಮಾಣ ಬದಲಿಸಬಹುದಿತ್ತು. ನಡುಕಕ್ಕೆಂದೇ ಬೇರೆ ಒಂದು ಸಣ್ಣ ಬಿಳಿ ಗುಳಿಗೆಯೂ ಇತ್ತು. ಯಾರೂ ಕೇಳಿರಲಿಲ್ಲ, ಅಷ್ಟೇ. ಎಂಟು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು.

ಅವ್ವನನ್ನು ಅಲ್ಲಿ ಸೇರಿಸಿ ಹಿಂದಿರುಗುವ ಬಸ್ಸಿನಲ್ಲಿ ಮಾಮಾ ಕಿಟಕಿಯ ಹೊರಗೆ ನೋಡುತ್ತ ಅಂದದ್ದು ನನಗೆ ಇನ್ನೂ ಕೇಳಿಸುತ್ತದೆ. "ಮೂರು ವರ್ಷ ಆ ಕೈ ಹಿಡಿದು ರಕ್ತಾ ತಗದೀನಿ. ಸೂಜಿಗೆ ಅಂಜಿ ನಡಗತಾರ ಅಂತ ತಿಳಿದೆ. ಡಬ್ಬಿ ನೋಡಿದೆ, ಗ್ವಾಡಿ ನೋಡಿದೆ. ಕೈ ನೋಡಲಿಲ್ಲ ನಾನು." ಅಪ್ಪನ ಮೇಲೆ, ಅತ್ತೆಯ ಮೇಲೆ, ನನ್ನ ಮೇಲೆ ಹಾಕಬಹುದಾಗಿದ್ದ ತಪ್ಪನ್ನು ಅವರು ತಮ್ಮ ಮೇಲೆ ಎಳೆದುಕೊಂಡರು. ಅದಾದ ಮೇಲೆ ನಮ್ಮ ಮನೆಗೆ ಬಂದಾಗಲೆಲ್ಲ ಸೂಜಿಗಿಂತ ಮೊದಲು, "ಕೈ ಚಾಚ್ರಿ ಅಕ್ಕಾ, ಹತ್ತು ಎಣಸ್ತೀನಿ" ಎನ್ನುತ್ತಿದ್ದರು.

ಗುಳೇದಗುಡ್ಡದವರು ಬಂದು ಹೋಗಿದ್ದರು. ಹೆಣ್ಣಿನ ತಾಯಿ ಎಲ್ಲಿ ಎಂದು ಕೇಳಿದಾಗ ಅಪ್ಪನಿಗೆ ಸುಳ್ಳು ಹೊಂದಿಕೆಯಾಗಲಿಲ್ಲವಂತೆ. ಅವರು ಮತ್ತೆ ಬರಲಿಲ್ಲ. ಅಕ್ಕ ಎರಡು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಮರುವರ್ಷ ಇನ್ನೊಂದು ಮನೆತನ ಬಂದಾಗ ಅವ್ವನೇ ಚಹಾ ತಂದು, ಬಟ್ಟಲು ಕೊಡುತ್ತ, "ನಾ ಧಾರವಾಡಕ್ಕ ಹೋಗಿ ಬಂದಾಕಿ. ದಿನಾ ಗುಳಿಗಿ ತಗೋತೀನಿ. ಮೊದಲ ಹೇಳಿಬಿಡ್ತೀನಿ" ಅಂದಳು. ಅಪ್ಪ ತಲೆ ತಗ್ಗಿಸಿದರು. ಬಂದವರಲ್ಲಿ ಒಬ್ಬ ಹಿರಿಯ, "ಚಾ ಛಲೋ ಆಗೇತ್ರಿ" ಎಂದು ಮಾತ್ರ ಅಂದ. ಆ ಮದುವೆ ಆಯಿತು. ಅಕ್ಕನ ಧಾರೆಯ ಸೀರೆಯ ಸೆರಗಿನ ಕೊಂಡಿ ಅವ್ವನದೇ.

ಮುಂದಿನ ವರ್ಷಗಳಲ್ಲಿ ಹುನಗುಂದಕ್ಕೇ ತಿಂಗಳಿಗೊಮ್ಮೆ ಮನಸ್ಸಿನ ರೋಗದ ಡಾಕ್ಟರು ಬರತೊಡಗಿದರು. ಧಾರವಾಡದ ದಾರಿ ತಪ್ಪಿತು. ಆ ದಿನ ಮಾಮಾ ರಜೆ ಹಾಕಿ ಇಳಕಲ್ಲಿನ ಏಳೆಂಟು ಮನೆಗಳಿಂದ ಜನ ಕೂಡಿಸಿಕೊಂಡು ಬಸ್ಸು ಹತ್ತಿಸುತ್ತಿದ್ದರು. ಯಾರಾದರೂ ಎಲ್ಲಿಗೆ ಎಂದು ಕೇಳಿದರೆ "ಬೀಗತನಕ್ಕ ಹೊಂಟೀವಿ" ಎನ್ನುತ್ತಿದ್ದರು. ಹೊಸದಾಗಿ ಬಂದವರ ಪಕ್ಕದಲ್ಲಿ ಅವ್ವನನ್ನು ಕೂಡಿಸುತ್ತಿದ್ದರು. "ನಾ ಹೇಳಿದ್ರ ಸರ್ಕಾರಿ ಮಾತು. ನೀವು ಕೈ ತೋರಸ್ರಿ ಸಾಕು" ಎನ್ನುತ್ತಿದ್ದರು.

ನಾನು ಬಿ.ಎ. ಮುಗಿಸಿ, ಎರಡು ಸಲ ಪರೀಕ್ಷೆಯಲ್ಲಿ ಬಿದ್ದು ಮೂರನೆಯ ಸಲಕ್ಕೆ ಗುಮಾಸ್ತೆಯ ನೌಕರಿ ಹಿಡಿದು ಬಾಗಲಕೋಟೆಯ ನವನಗರಕ್ಕೆ ಬಂದೆ. ಅಷ್ಟರಲ್ಲಿ ಮಾಮಾನಿಗೆ ನಿವೃತ್ತಿ ಆಗಿತ್ತು. ಹಳೆಯ ಬಾಗಲಕೋಟೆಯಲ್ಲಿದ್ದ ಅವರ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ನವನಗರದ ಸೆಕ್ಟರೊಂದರಲ್ಲಿ ಮಗ ಹೊಸದಾಗಿ ಕಟ್ಟಿಸಿದ್ದ. "ಓಣಿ ಹೋತು, ನಂಬರ್ ಬಂತು" ಎಂದು ನಗುತ್ತಿದ್ದರು. ನೌಕರಿಯ ಪೇಢೆ ಕೊಡಲು ಹೋದಾಗ ಮಾಮಿಯನ್ನು ಕರೆದು, "ನೋಡ, ನನ್ನ ಕಡೆ ಬೆರಳು ಚುಚ್ಚಿಸ್ಕೊಂಡ ಹುಡುಗಿ ಈಗ ಸಾಹೇಬರ ಮುಂದ ಫೈಲ್ ಇಡ್ತಾಳ" ಎಂದು ಹೆಮ್ಮೆಪಟ್ಟರು.

ಎರಡು ವರ್ಷಕ್ಕೆ ಮಾಮಿ ತೀರಿಕೊಂಡರು. ಆಮೇಲೆ ಒಂದು ದಿನ ಹೋದರೆ ಮಾಮಾ ಖುರ್ಚಿಯಲ್ಲಿ ಕೂತಿದ್ದರು, ನನ್ನನ್ನು ನೋಡಿ ಯಾರೋ ಎಂಬಂತೆ ಸುಮ್ಮನಿದ್ದರು. ಮೀಸೆ ಪೂರ್ತಿ ಬಿಳಿ. "ತಿಂಗಳಾತ್ರಿ, ಮಾತಿಲ್ಲ, ಊಟಿಲ್ಲ. ಡಾಕ್ಟರ್ ಅಂದ್ರ ಸಿಟ್ಟಿಗೇಳ್ತಾರ" ಎಂದ ಮಗ. ನಾನು ಫೋನಿನಲ್ಲಿ ಅವ್ವನಿಗೆ ಹೇಳಿದೆ. ಮರುದಿನ ಹನ್ನೊಂದರ ಬಸ್ಸಿಗೆ ಅವ್ವ ಒಬ್ಬಳೇ ಬಂದಿಳಿದಳು. ಬಸ್ ನಿಲ್ದಾಣದಿಂದ ನನ್ನನ್ನು ಕರೆದುಕೊಂಡು ನೇರ ಅವರ ಮನೆಗೇ ಹೋಗಿ ಬಾಗಿಲಲ್ಲಿ ನಿಂತು ಎಳೆದು ಕೂಗಿದಳು:

"ಜ್ವರ ಐತೇನ್ರೀ...?"

ಮಾಮಾ ತಲೆಯೆತ್ತಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬೆರಳು ಮುಂದೆ ಚಾಚಿದರು. ಅವ್ವ ಅದನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತಳು.

"ನಾಳೆ ಡಾಕ್ಟರ ಕಡೆ ಹೋಗೋಣು."

"ನನಗೇನಾಗೇತಿ?" ತಿಂಗಳ ಮೇಲೆ ಅವರು ಆಡಿದ ಮೊದಲ ಮಾತಂತೆ ಅದು.

"ನನಗೂ ಏನೂ ಆಗಿರಲಿಲ್ಲ. ನೀವು ಕೊಟ್ಟ ಗುಳಿಗಿ ನುಂಗಲಿಲ್ಲೇನು ನಾ?"

ಮಾಮಾ ನಕ್ಕರು. ನಕ್ಕದ್ದು ಹೌದೋ ಅಲ್ಲವೋ ಎಂಬಷ್ಟು. ಮರುದಿನ ಬಾಗಲಕೋಟೆಯ ಡಾಕ್ಟರರ ಮುಂದೆ ಅವ್ವನ ಪಕ್ಕದಲ್ಲಿ, ಸಾಲಿಯ ಹುಡುಗನಂತೆ ಕೈ ಕಟ್ಟಿ ಕೂತಿದ್ದರು.

ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಅವ್ವ ನವನಗರಕ್ಕೆ ಬರತೊಡಗಿದಳು. ನನ್ನ ಮನೆಗೆ ಬರುತ್ತೇನೆ ಎನ್ನುವುದು ನೆಪ. ಅವ್ವನಿಗೆ ಅಕ್ಷರ ಬಾರದು. ಅದಕ್ಕೆ ನನ್ನ ಆಫೀಸಿನ ಕೆಂಪು-ನೀಲಿ ಪೆನ್ಸಿಲ್ ಒಂದನ್ನು ಒಯ್ದು ಅವರ ಕೈಗೇ ಕೊಟ್ಟಳು. "ಹಾಕ್ರಿ ತಾರೀಖು" ಎಂದು ನಿಂತುಕೊಳ್ಳುವಳು. ಮಾಮಾ ತಮ್ಮ ಮನೆಯ ಬಾಗಿಲ ಪಕ್ಕದಲ್ಲಿ ತಾವೇ ನೀಲಿಯಲ್ಲಿ ತಾರೀಖು ಬರೆದು, ಗುಳಿಗೆ ನುಂಗಿದ ಮೇಲೆ ಕೆಳಗೊಂದು ಕೆಂಪು ಚುಕ್ಕಿ ಇಡುವರು. ಸೊಸೆ ಹೊಸ ಗೋಡೆ ಹಾಳಾಯಿತೆಂದು ಒಂದು ಮಾತೂ ಆಡಲಿಲ್ಲ. ಅವರ ಮೀಸೆಯ ತುದಿ ಮತ್ತೆ ನೀಲಿಯಾಯಿತು. ಹೀಗೆ ಮೂರು ವರ್ಷಕ್ಕಿಂತ ಹೆಚ್ಚು ಕಾಲ ಚೆನ್ನಾಗಿದ್ದರು. ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದರು, ಸೈಕಲ್ ತಳ್ಳಿಕೊಂಡೇ.

ಒಂದು ಮುಂಜಾನೆ ನಮಾಜು ಮುಗಿಸಿ ಬಂದು ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅವ್ವ, ಅಪ್ಪ ಇಳಕಲ್ಲಿನಿಂದ ಬರುವ ಹೊತ್ತಿಗೆ ಮಣ್ಣು ಮಾಡಿಯಾಗಿತ್ತು. ಅವ್ವ ಹೆಂಗಸರ ನಡುವೆ ಸ್ವಲ್ಪ ಹೊತ್ತು ಕೂತು ಎದ್ದು ಹೊರಗೆ ಬಂದಳು. ಬಾಗಿಲ ಪಕ್ಕದ ಗೋಡೆಯ ಮುಂದೆ ನಿಂತಳು. ಸಾಲುಸಾಲು ನೀಲಿ ತಾರೀಖುಗಳು, ಒಂದೊಂದರ ಕೆಳಗೂ ಕೆಂಪು ಚುಕ್ಕಿ. ಅಂಕಿ ಓದಲು ಬಾರದಿದ್ದರೂ ಚುಕ್ಕಿ ಅವಳಿಗೆ ಗೊತ್ತಿತ್ತು. ಕೊನೆಯ ತಾರೀಖಿನ ಕೆಳಗೆ ಮಾತ್ರ ಚುಕ್ಕಿ ಇರಲಿಲ್ಲ.

"ಅವತ್ತ ಮಾತಿನ ಭರದಾಗ ಹಾಕೋದು ಮರತಾರ" ಅಂದಳು. "ಗುಳಿಗಿ ನುಂಗ್ಯಾರ. ನಾನ ಕೊಟ್ಟೀನಿ."

ಅವರ ಮಗ ಒಳಗೆ ಹೋಗಿ ಪೆನ್ಸಿಲ್ ತಂದು ಕೊಟ್ಟ. ಎರಡೂ ಕಡೆ ಚೂಪಾಗಿತ್ತು. ಅವ್ವ ಕೆಂಪು ತುದಿಯನ್ನು ಮುಂದೆ ಮಾಡಿಕೊಂಡು, ಆ ತಾರೀಖಿನ ಕೆಳಗೆ ಸರಿಯಾಗಿ ನಡುವಿಗೆ, ಒಂದು ಚುಕ್ಕಿ ಇಟ್ಟಳು. ಕೈ ನಡುಗಲಿಲ್ಲ.